ನನ್ನ ಹೊಟ್ಟೆಯೊಳಗಿನ ಕೊಲೆಗಾರರು

ಮದುವೆಯಾಗಿ ಕಡಲತೀರದ ನಾವುಂದ ಎಂಬ ಊರಿಗೆ ಬಂದ ದಿನ ನನ್ನ ತಟ್ಟೆಗೆ ಬಿದ್ದದ್ದು ಮೀನಿನ ತತ್ತಿ. ಕೆಂಪು ಮಸಾಲೆಯಲ್ಲಿ ಹುರಿದ, ಬೆರಳುದ್ದದ ಎರಡು ಚೀಲ. ಕಚ್ಚಿದರೆ ಒಳಗೆ ಸಾವಿರಾರು ಕಾಳು. ಕಲಬುರಗಿಯ ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೂ ಮೂಗು ಮುಚ್ಚಿಕೊಳ್ಳುತ್ತಾರೆ. ಇಲ್ಲಿ ಇಡೀ ಮನೆ ನನ್ನ ಬಾಯಿಯನ್ನೇ ನೋಡುತ್ತಿತ್ತು. ಬೇಗ ಬಸಿರಾಗಲಿ ಎಂದು ಹೊಸ ಸೊಸೆಗೆ ತತ್ತಿ ಬಡಿಸುವುದು ಆ ಮನೆಯ ಪದ್ಧತಿ. ಕಣ್ಣು ಮುಚ್ಚಿ ನುಂಗಿದೆ.

ಕಲಬುರಗಿಯವರಿಗೆ ಈ ಊರನ್ನು ಹೇಗೆ ವಿವರಿಸಲಿ? ಅಲ್ಲಿ ಕೈಯಲ್ಲಿ ಬಡಿದ ಜೋಳದ ರೊಟ್ಟಿ, ಇಲ್ಲಿ ಕುಚ್ಚಲಕ್ಕಿ ಗಂಜಿ. ಅಲ್ಲಿ ಹಿಂಡಿ ಹರವಿದ ಬಟ್ಟೆ ನೋಡನೋಡುತ್ತಲೇ ಒಣಗುತ್ತದೆ, ಇಲ್ಲಿ ಒಣಗಿದ್ದೂ ಉಪ್ಪುಗಾಳಿಗೆ ಜಿಗುಟು. ನಾವು ಮಾತನ್ನು ಎಳೆದು ಎಳೆದು ಆಡುತ್ತೇವೆ. ಇವರು ಮೀನಿನ ಬಾಲದಂತೆ ಶಬ್ದದ ಬಾಲವನ್ನೂ ಕತ್ತರಿಸಿ ಎಸೆಯುತ್ತಾರೆ. ನಾನು 'ಬರತೀನಿ' ಅನ್ನುವಷ್ಟರಲ್ಲಿ ಅವರು 'ಬತ್ತೆ' ಎಂದು ಹೋಗಿಯೇ ಬಿಟ್ಟಿರುತ್ತಾರೆ.

ಮೊದಲ ಬಸಿರು ಮೂರನೇ ತಿಂಗಳಲ್ಲಿ ಇಳಿದುಹೋಯಿತು. ಎರಡನೆಯದೂ ಹಾಗೇ. ಆಮೇಲೆ ತತ್ತಿ ನನ್ನ ತಟ್ಟೆ ದಾಟಿ ಮುಂದೆ ಹೋಗತೊಡಗಿತು. ಅತ್ತೆ ಗುಲಾಬಿ ನನ್ನ ಬಳಿ ಬಂದಾಗ ಸೌಟನ್ನಷ್ಟೇ ಆಚೆ ತಿರುಗಿಸಿದರು. ಒಂದು ಕಾಲಕ್ಕೆ ವಾಕರಿಕೆ ತರಿಸಿದ್ದ ವಸ್ತುವಿಗಾಗಿ ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತು ಕಣ್ಣೀರು ಹಾಕಿದೆ.

ಗಂಡ ದಿನೇಶ ದೂರದ ಪೇಟೆಯ ಒಬ್ಬ ಡಾಕ್ಟರ ಬಳಿ ಕರೆದೊಯ್ದ. ಅವರು ತೋಳಿನ ರಕ್ತ ತೆಗೆದು ನೋಡಿ, 'ನ್ಯಾಚುರಲ್ ಕಿಲ್ಲರ್' ಜೀವಕೋಶಗಳು ನನ್ನಲ್ಲಿ ಹೆಚ್ಚಿವೆ, ಅವೇ ಮಗುವನ್ನು ಮುಗಿಸುತ್ತಿರಬಹುದು ಎಂದರು. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಪಹರೆಯವರು ಆ ಜೀವಕೋಶಗಳು. ದಿನೇಶ ಬಸ್ಸಿನಿಂದ ಇಳಿದವನೇ ತಾಯಿಗೆ ವರದಿ ಒಪ್ಪಿಸಿದ. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಯಿತು: ಬಯಲುಸೀಮೆಯ ಹೆಣ್ಣಿನ ರಕ್ತದಲ್ಲಿ ಕೊಲೆಗಾರರಿದ್ದಾರಂತೆ.

ಜೀವಶಾಸ್ತ್ರ ಓದಿದವಳು ನಾನು. ಕಲಬುರಗಿಯ ನನ್ನ ಹಳೆಯ ಮೇಡಮ್ಮಿಗೆ ಫೋನು ಹಚ್ಚಿದೆ. ಅವರು ಡಾಕ್ಟರನ್ನು ಬೈದು, ತಾಳ್ಮೆಯಿಂದ ತಿಳಿಸಿದರು. ರಕ್ತದಲ್ಲಿ ಓಡಾಡುವ ಕೋಶಗಳೇ ಬೇರೆ, ಗರ್ಭಕೋಶದಲ್ಲಿ ನೆಲೆಸಿದವೇ ಬೇರೆ. ಗರ್ಭದ ಒಳಪದರ ಸಂದೇಶದ ಅಣುಗಳನ್ನು ಹೊರಬಿಡುತ್ತದೆ. ಇಂಟರ್‌ಲ್ಯೂಕಿನ್-15 ಎಂಬುದು ಆ ಕೋಶಗಳನ್ನು ಸಾಕಿ ಬೆಳೆಸುತ್ತದೆ. ಟಿಜಿಎಫ್-ಬೀಟಾ ಅವುಗಳ ಕೊಲ್ಲುವ ಚಟ ತಗ್ಗಿಸುತ್ತದೆ. ಪಳಗಿದ ಮೇಲೆ ಅವೇ ತಾಯಿಯ ರಕ್ತನಾಳಗಳು ಅಗಲವಾಗಲು ನೆರವಾಗಿ ಮಗುವಿಗೆ ರಕ್ತ ಹರಿಯುವಂತೆ ಮಾಡುತ್ತವೆ. ತೋಳಿನ ರಕ್ತ ನೋಡಿ ಗರ್ಭದ ಸುದ್ದಿ ಹೇಳಲಾಗದು ಸುಮಂಗಲಾ, ಎಂದರು.

ನನಗೆ ಹುಚ್ಚು ಸಂತೋಷವಾಯಿತು. ಆ ಕೋಶಗಳಂತೆ ಹೊರಗಿಂದ ಬಂದವರು ಊರಿನ ಮಾತು ಕೇಳಿ ಸಂಸಾರಸ್ಥರಾಗುವ ಕಥೆ ನನ್ನದೇ ಅನ್ನಿಸಿತು. ಹಿತ್ತಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದ ಅತ್ತೆಯ ಎದುರು ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕತ್ತಿ ನಿಲ್ಲಿಸದೆ ಕೊನೆಯವರೆಗೂ ಕೇಳಿಸಿಕೊಂಡರು.

"ಹಂಗಾರೆ ಅವ್ಕೆ ಬುದ್ಧಿ ಹೇಳುಕೆ ನಿನ್ ಹೊಟ್ಟಿಗೆ ಬತ್ತಿಲ್ಲೆ ಅಂದೇ ಆಯ್ತಲೆ."

ವಿಜ್ಞಾನ ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಮೂರನೆಯ ಬಸಿರನ್ನು ಯಾರಿಗೂ ಹೇಳಲಿಲ್ಲ, ಗಂಡನಿಗೂ. ರಾತ್ರಿ ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿನವರಿಗೆ ಎರಡೂ ಊರಿನ ಮಾತಿನಲ್ಲಿ ಬುದ್ಧಿ ಹೇಳಿದೆ. ಕೇಳಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಎಲ್ಲ ಮುಗಿಯಿತು. ನೀರು ಸುರಿದು ತೊಳೆದು, ಮಧ್ಯಾಹ್ನದ ಮೀನು ಕೊಯ್ಯಲು ಕೂತೆ. ಅಂದು ಸಿಕ್ಕಿದ್ದೆಲ್ಲ ತತ್ತಿ ತುಂಬಿದ ಮೀನು.

ಮರುವರ್ಷ ಮೈದುನನ ಮದುವೆಯಾಯಿತು. ಹುಡುಗಿ ಇದೇ ಕಡೆಯ ಬಾರ್ಕೂರಿನವಳು. ಮೊದಲ ಊಟಕ್ಕೆ ಕೂತಾಗ ಅತ್ತೆ ತತ್ತಿಯ ಬಾಣಲೆಯನ್ನು ನನ್ನ ಕೈಗೆ ಕೊಟ್ಟು, ನೀನೇ ಬಡಿಸು ಎಂದರು. ಸಲಿಗೆಯೋ ಶಿಕ್ಷೆಯೋ, ಇವತ್ತಿಗೂ ತಿಳಿಯದು. ಹುಡುಗಿ ನಾಚಿ ತಟ್ಟೆಗೆ ಕೈ ಅಡ್ಡ ಹಿಡಿದಳು. ಆ ಕೈಯನ್ನು ಸರಿಸಿ ಎರಡೂ ಚೀಲ ಹಾಕಿದೆ.

"ತಿನ್ ಹೆಣೆ," ಎಂದೆ, ಹೆಣ್ಣನ್ನು ಈ ಊರು ಕರೆಯುವಂತೆಯೇ. "ನಿಂಗೇ ಅಂತ್ಲೇ ಇಟ್ಟದ್. ಎಲ್ಲರ್ ಹೊಟ್ಟೆಯೂ ನನ್ ಹಂಗ್ ಇರ್ತಿಲ್ಲೆ."

ಮನೆಯವರೆಲ್ಲ ನಕ್ಕರು. ನನ್ನ ಮಾತಿಗೆ ಅತ್ತೆ ತಲೆದೂಗಿದ್ದು ಅದೇ ಮೊದಲು. ಹುಡುಗಿಯ ಮುಖ ಮಾತ್ರ ಬಾಡಿತ್ತು. ಅದನ್ನು ಕಂಡು ನನಗೆ ಒಳಗೊಳಗೇ ಹಿತವೆನಿಸಿತು, ಸುಳ್ಳೇಕೆ ಹೇಳಲಿ.

ಸಂಜೆ ಫೋನು ಬಂತು. ಕೈಯಲ್ಲಿನ್ನೂ ಮೀನಿನ ವಾಸನೆ. "ಹ್ವಾಯ್, ಯಾರ್ ಮಾತಾಡುದ್?" ಎಂದೆ. ಆಚೆ ಕಡೆ ಕಲಬುರಗಿಯಿಂದ ಅವ್ವ. ಅವಳು ತುಸು ತಡವರಿಸಿ, ಪರರ ಮನೆಯವರೊಂದಿಗೆ ಆಡುವ ಮರ್ಯಾದೆಯ ದನಿಯಲ್ಲಿ ಕೇಳಿದಳು:

"ನಮ್ಮ ಸುಮಂಗಲಾನ ಸ್ವಲ್ಪ ಕರೀತೀರೇನ್ರಿ?"

ಕರೀತೀನಿ ಎಂದು ರಿಸೀವರನ್ನು ಮೇಜಿನ ಮೇಲಿಟ್ಟೆ.