ಎಡಕ್ಕೆ ಸುತ್ತಿದ ಮೊರ

ಆ ಚೀಟಿಯನ್ನು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಕೆಲವರ ಮೇಲೆ ರೇಗುವುದಿದೆ. ನನ್ನ ತಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬೇರೆಯವರ ಮೇಲೆ ರೇಗಿದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಶಿವಮೊಗ್ಗದಲ್ಲಿ ನಾನು ಎಂ.ಎ. ಓದುತ್ತಿದ್ದಾಗ ನಮ್ಮ ವಿಭಾಗದಲ್ಲೊಂದು ಪ್ರದರ್ಶನದ ಕೋಣೆ ಇತ್ತು. ಒನಕೆ, ಸೇರು, ತುಕ್ಕು ಹಿಡಿದ ಕುಡುಗೋಲು, ಗಾಜಿನ ಬೀರುವಿನಲ್ಲಿ ಐದು ಹಳೆಯ ಮೊರ. ವಸ್ತುಗಳಿಗೆಲ್ಲ ಚೀಟಿ ಬರೆದು ಅಂಟಿಸುವ ಕೆಲಸ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. "ಮೊರ ನಿಮ್ಮವರದ್ದೇ ಅಲ್ವಾ, ನೀನೇ ಬರಿ" ಅಂದರು. ನಾವು ಮೇದಾರರು, ಬಿದಿರು ಸೀಳಿ ಬುಟ್ಟಿ ಮೊರ ಹೆಣೆಯುವವರು. ಎಲ್ಲ ಗೊತ್ತಿರುವವಳ ಗತ್ತಿನಲ್ಲಿ ಪೆನ್ನು ತೆಗೆದುಕೊಂಡೆ.

ಮೊರ ಹೆಣೆದಾದ ಮೇಲೆ ಅಂಚಿಗೆ ಬಿದಿರಿನ ಗಟ್ಟಿ ದಬ್ಬೆ ಇಟ್ಟು, ತೆಳ್ಳಗಿನ ಸೀಳಿನಿಂದ ಸುತ್ತಿ ಬಿಗಿಯುವುದು ಕೊನೆಯ ಕೆಲಸ. ಐದರಲ್ಲಿ ಎರಡಕ್ಕೆ ಸುತ್ತು ಬಲಕ್ಕೆ ಹೋಗಿತ್ತು, ಮೂರಕ್ಕೆ ಎಡಕ್ಕೆ. ಮನೆಯಲ್ಲಿ ನಾನು ನೋಡಿದ್ದೆಲ್ಲ ಬಲಕ್ಕೆ ಸುತ್ತಿದ್ದೇ. ಹಾಗಾಗಿ ಆ ಮೂರರ ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದೆ: ಅಂಚಿನ ಸುತ್ತು ತಪ್ಪಾಗಿದೆ, ಪಳಗದ ಕೈಯ ಕೆಲಸ. ಅಕ್ಷರ ಚೆನ್ನಾಗಿದೆ ಎಂದು ಪಾಠ ಮಾಡುವ ಮೇಷ್ಟರೊಬ್ಬರು ಹೊಗಳಿದರು.

ನನಗೆ ಹೆಣೆಯಲು ಬರುವುದಿಲ್ಲ. ಅಮ್ಮ ಕಲಿಸಲಿಲ್ಲ. ಸಣ್ಣವಳಿದ್ದಾಗ ಕತ್ತಿ ಮುಟ್ಟಿದರೆ ಕೈ ಮೇಲೆ ಏಟು ಬೀಳುತ್ತಿತ್ತು. "ಪುಸ್ತಕ ಹಿಡ್ಕೊಂಡು ಅತ್ತ ಹೋಗು ಮಾರಾಯ್ತಿ" ಎಂದು ಅಟ್ಟುತ್ತಿದ್ದಳು. ಅವಳ ಹಟದಿಂದಲೇ ನಾನು ಓದಿದೆ. ಓದಿದವಳು ಹೋಗಿ ಬರೆದ ಚೀಟಿ ಅದು.

ನಮ್ಮ ಮನೆ ಭದ್ರಾವತಿಯಲ್ಲಿ, ಕಾಗದನಗರದಿಂದ ಸ್ವಲ್ಪ ಆಚೆ. ಅಪ್ಪ ಇರುವತನಕ ಕಾಗದದ ಕಾರ್ಖಾನೆಗೆ ಬರುವ ಬಿದಿರಿನ ಲಾರಿ ಇಳಿಸುವ ಕೂಲಿ ಮಾಡುತ್ತಿದ್ದರು. ಗೇಟಿನ ಮುಂದೆ ಬಿದಿರು ಹೇರಿಕೊಂಡ ಲಾರಿಗಳ ಸಾಲು, ಡ್ರೈವರುಗಳ ತಮಿಳು, ತೆಲುಗು, ಬೈಗುಳ. ಅದೇ ಹೊತ್ತಿಗೆ ಅಮ್ಮ ಸರ್ಕಾರಿ ಡಿಪೋದಲ್ಲಿ ನಾಲ್ಕು ಬಿದಿರು ಗಳ ಕೊಳ್ಳಲು ಪರವಾನಗಿ ಬೇಕೆಂದು ಕಾಡಿನ ಆಫೀಸಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಇದರಲ್ಲಿ ವಿಚಿತ್ರವೇನೋ ಇದೆ ಎಂದು ನನಗೆ ಆಗ ಅನ್ನಿಸಿರಲಿಲ್ಲ. ಮಳೆ ಬಿಸಿಲಿನ ಹಾಗೆ ಅದೂ ಒಂದು ಅಂದುಕೊಂಡಿದ್ದೆ. ಈಗ ಕಾರ್ಖಾನೆ ಸದ್ದಿಲ್ಲದೆ ನಿಂತಿದೆ, ಕ್ವಾರ್ಟರ್ಸಿನ ಅಂಗಳಗಳಲ್ಲಿ ಹುಲ್ಲು ಬೆಳೆದಿದೆ.

ಸಿಟ್ಟು ಬಂದದ್ದು ಅದೇ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿ ಹಳೆಯ ಕಡತ ತೆರೆದ ಮೇಲೆ. ಬಿದಿರು ಹುಲ್ಲಿನ ಜಾತಿ ಅನ್ನುವುದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಇಂಗ್ಲಿಷರ ಕಾನೂನು ಅದನ್ನು ಮರದ ಲೆಕ್ಕಕ್ಕೆ ಸೇರಿಸಿತು, ನಮ್ಮ ರಾಜರ ಸರ್ಕಾರವೂ ಅದೇ ದಾರಿ ಹಿಡಿಯಿತು. ಕಾಡು ಸರ್ಕಾರದ್ದಾಯಿತು, ಬಿದಿರು ಕಡಿಯಲು ಪಾಸ್ ಬಂತು. ಪಾಸಿನ ಮೇಲೆ ಇಷ್ಟನೇ ತಾರೀಕಿನಿಂದ ಇಷ್ಟನೇ ತಾರೀಕು ಎಂದು ಬರೆದಿರುತ್ತಿತ್ತು. ಇಂಗ್ಲಿಷರು ಹೋದರು, ಪಾಸ್ ಹೋಗಲಿಲ್ಲ. ಎಳೆ ಗಳ ಮುಟ್ಟದೆ, ಮೆಳೆಯ ನಡುವಿನ ತಾಯಿಬಿದಿರು ಬಿಟ್ಟು ಕಡಿಯುತ್ತಿದ್ದ ನಮ್ಮವರನ್ನು ಕಾಡು ಹಾಳುಮಾಡುವವರು ಎಂದು ಬರೆದುಕೊಂಡ ಆಫೀಸು, ಲಾರಿಗಟ್ಟಲೆ ಬಿದಿರಿಗೆ ಠಸ್ಸೆ ಒತ್ತುತ್ತಿತ್ತು. ಇದನ್ನೆಲ್ಲ ಉರಿದುಕೊಂಡೇ ನಾಲ್ಕನೆಯ ಅಧ್ಯಾಯ ಮಾಡಿದೆ.

ನನ್ನ ಮಾರ್ಗದರ್ಶಕರು ಹೊಲಗದ್ದೆ ಇದ್ದ ಮನೆಯಿಂದ ಬಂದವರು, ಸವಳಂಗ ರಸ್ತೆಯಲ್ಲಿ ಮನೆ ಕಟ್ಟಿದ್ದರು. ಕೆಟ್ಟವರಲ್ಲ. ಅಧ್ಯಾಯ ಓದಿ ಕನ್ನಡಕ ತೆಗೆದಿಟ್ಟರು.

"ನೋಡಮ್ಮಾ, ಸರ್ಕಾರ ಏನು ಮಾಡ್ತು ಅಂತ ಬರ್ದಿದೀಯ. ನಿಮ್ಮವರು ಏನು ಮಾಡಿದ್ರು? ಎದುರಿಸಿದ್ರು ಅಂತೀಯ. ಹೇಗೆ? ಒಂದು ಅರ್ಜಿ, ಒಂದು ಕಾಗದ ಏನಾದ್ರೂ ಇದೆಯಾ?"

ಇರಲಿಲ್ಲ. ಓದು ಬರಹ ಬಾರದವರು ಕಾಗದ ಎಲ್ಲಿಂದ ಬಿಟ್ಟುಹೋಗುತ್ತಾರೆ?

"ಹಾಗಾದ್ರೆ ಈ ಅಧ್ಯಾಯ ತೆಗಿ" ಅಂದರು. ಅದನ್ನು ತೆಗೆದರೆ ನನ್ನ ಪ್ರಬಂಧದಲ್ಲಿ ನಮ್ಮವರು ಏಟು ತಿಂದವರಾಗಿ ಮಾತ್ರ ಉಳಿಯುತ್ತಿದ್ದರು. ಇಷ್ಟು ವರ್ಷ ಓದಿದ್ದು ಅದನ್ನು ಬರೆಯುವುದಕ್ಕಾ? ಮತ್ತೆ ಹೋಗಿ ಕಡತಗಳನ್ನೇ ಜಾಲಾಡಿದೆ.

ಆಗ ಗೌರಿ ಹಬ್ಬದ ಸಮಯ. ಬಾಗಿನಕ್ಕೆ ಜೊತೆ ಮೊರ ಬೇಕಲ್ಲ, ಅಮ್ಮ ಹೊರೆ ಕಟ್ಟಿಕೊಂಡು ಭದ್ರಾವತಿಯಿಂದ ಬಸ್ಸಿಗೆ ಬಂದು ಗಾಂಧಿ ಬಜಾರಿನಲ್ಲಿ ಕೂತಿದ್ದಳು. ಮಧ್ಯಾಹ್ನಕ್ಕೆಲ್ಲ ಮೊರ ಖಾಲಿಯಾಗಿ, ನನ್ನ ಜೊತೆ ಊಟ ಮಾಡೋಣ ಎಂದು ವಿಭಾಗಕ್ಕೇ ಬಂದಳು. ಕೋಣೆ ತೋರಿಸಿದೆ. ಬೀರುವಿನ ಗಾಜಿಗೆ ಮುಖ ತಾಗಿಸಿ ಮೊರಗಳ ಅಂಚು ನೋಡಿದಳು.

"ಪಾಸಿನ ಮೊರ" ಅಂದಳು. "ಇವನ್ನ ಇಲ್ಲಿ ಯಾರು ತಂದಿಟ್ರು? ಈ ಚೀಟೀಲಿ ಏನು ಬರ್ದಿದೆ?"

ಓದಿ ಹೇಳಿದೆ. ಅಮ್ಮ ನಕ್ಕುಬಿಟ್ಟಳು. ಅಷ್ಟು ಜೋರಾಗಿ ನಗಬಾರದಿತ್ತು, ಆಚೆ ಕೋಣೆಯಿಂದ ಗುಮಾಸ್ತರು ಇಣುಕಿದರು.

"ಯಾವ ಮುಠ್ಠಾಳ ಬರ್ದಿದ್ದು?"

"ನಾನೇ ಅಮ್ಮ" ಅಂದೆ.

ನಗು ನಿಂತಿತು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದಳು. ಚಂದ್ರ ಬೆಳೆಯುವ ದಿನಗಳಲ್ಲಿ ಬಿದಿರು ಕಡಿಯಬಾರದು, ಕಡಿದರೆ ಹುಳ ಬೀಳುತ್ತದೆ. ಹುಣ್ಣಿಮೆ ಕಳೆದು ಚಂದ್ರ ಕರಗುವಾಗಲೇ ಕಡಿಯಬೇಕು. ಪಾಸಿನ ತಾರೀಕಿಗೆ ಚಂದ್ರನ ಗೊಡವೆಯಿಲ್ಲ. ಬೆಳಕಿನ ದಿನಗಳಿಗೆ ಪಾಸ್ ಬಂದರೆ ಕಡಿಯಲೇಬೇಕು, ಬಿಟ್ಟರೆ ಆ ವರ್ಷ ಹೊಟ್ಟೆಗಿಲ್ಲ. ಆದರೆ ಅಂಥ ಬಿದಿರಿನ ಮೊರವನ್ನು ಒಳ್ಳೆಯದೆಂದು ಮಾರಲು ನಮ್ಮ ಅಜ್ಜಿಯಂದಿರಿಗೆ ಮನಸ್ಸು ಬರಲಿಲ್ಲ. ನಮ್ಮ ಕೇರಿಯ ನಾಲ್ಕೈದು ಮನೆಯವರು ಕೂತು ಮಾತಾಡಿಕೊಂಡು, ಅದರ ಅಂಚನ್ನು ಎಡಕ್ಕೆ ಸುತ್ತುವ ರೂಢಿ ಮಾಡಿದರು. ಕೊಳ್ಳುವ ಹೆಂಗಸರಿಗೆ ಹೇಳಿಯೇ ಕೊಡುವುದು. ಎಡಸುತ್ತಿನ ಮೊರ ಬೇಗ ಹಾಳಾದರೆ ಹೊಸ ಮೊರ ಕೊಡುವುದು, ಮರುಮಾತಿಲ್ಲ.

"ತಪ್ಪು ನಮ್ದಲ್ಲ, ಸರ್ಕಾರದ್ದು. ಆದ್ರೆ ಮೊರ ನಮ್ದಲ್ವಾ" ಅಂದಳು. "ನಿಮ್ಮಪ್ಪನ ಕಾಲಕ್ಕೆ ಡಿಪೋ ಬಿದಿರು ಕೊಳ್ಳೋಕೆ ಶುರುಮಾಡಿದ್ವಿ. ಯಾವ ದಿನ ಕಡಿದಿದ್ದೋ ಯಾರಿಗೆ ಗೊತ್ತು? ಆ ರೂಢಿ ಅಲ್ಲಿಗೇ ನಿಂತೋಯ್ತು. ನಿಂಗೆ ಹೇಳೇ ಇಲ್ಲ ನಾನು."

ನಾನು ಕಡತಗಳಲ್ಲಿ ಹುಡುಕಿ ಸುಸ್ತಾಗಿದ್ದ ಉತ್ತರ ಗಾಜಿನ ಹಿಂದೆ ಇತ್ತು, ಅದರ ಮೇಲೆ ನನ್ನ ಅಕ್ಷರ ಅಂಟಿಕೊಂಡಿತ್ತು. ಊಟ ಸೇರಲಿಲ್ಲ.

ಮರುದಿನವೇ ಮಾರ್ಗದರ್ಶಕರನ್ನು ಕೋಣೆಗೆ ಕರೆತಂದೆ. ಅಮ್ಮನನ್ನು ರಾತ್ರಿ ಹಾಸ್ಟೆಲಿನಲ್ಲೇ ಉಳಿಸಿಕೊಂಡಿದ್ದೆ. ಮೇಷ್ಟರು ಎಲ್ಲ ಕೇಳಿ ತಲೆಯಾಡಿಸಿದರು. "ಚೆನ್ನಾಗಿದೆ ಕಣಮ್ಮಾ. ಆದ್ರೆ ಇದು ಬಾಯಿಮಾತು. ಕಾಗದದಲ್ಲಿ ಎಲ್ಲಿದೆ?"

"ಸ್ವಾಮಿ, ನಮ್ಮೂರ ಕಾರ್ಖಾನೇಲಿ ಕಾಗದ ಯಾತರಿಂದ ಮಾಡ್ತಿದ್ರು?" ಎಂದು ಅಮ್ಮ ಕೇಳಿದಳು.

ಬಿದಿರಿಂದಲೇ ಅಂದು ಅವರು ಬೀರುವಿನ ಬಾಗಿಲು ತೆಗೆದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತಳು. "ಒಂದೊಂದೇ ಕೈಗೆ ಕೊಡಿ. ನಾನು ನೋಡಲ್ಲ" ಅಂದಳು.

ಮೇಷ್ಟರು ತಾವೇ ಒಂದೊಂದಾಗಿ ಹಿಂದಿನಿಂದ ಕೊಟ್ಟರು. ಅಮ್ಮ ಕಣ್ಣುಮುಚ್ಚಿ ಬೆರಳಿನಿಂದ ಅಂಚು ಸವರುವುದು, ಹೇಳುವುದು. "ಇದು ಕತ್ತಲ ದಿನದ ಬಿದಿರು, ಹುಳ ಇರಲ್ಲ. ಇದೂ ಹಾಗೇ. ಇದು ಪಾಸಿಂದು, ತೂತು ನೋಡಿ." ಮೇಷ್ಟರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು, ಬೆರಳಿಗೆ ಹಳದಿ ಪುಡಿ. ನಾಲ್ಕನೆಯದೂ ಹಾಗೇ. ಐದನೆಯದನ್ನು ಸವರಿ "ಪಾಸಿಂದು" ಅಂದಳು. ಅವರು ತಿರುಗಿಸಿ ಮುರುಗಿಸಿ ನೋಡಿದರು. ಒಂದು ತೂತೂ ಇಲ್ಲ.

"ತಪ್ಪಾಯ್ತಲ್ಲಮ್ಮಾ" ಅಂದರು. ಅವರ ದನಿಯಲ್ಲಿ ಸಣ್ಣ ಸಂತೋಷವಿತ್ತು, ಸುಳ್ಳು ಯಾಕೆ ಹೇಳಲಿ.

ಅಮ್ಮ ಕಣ್ಣು ಬಿಟ್ಟು ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಣಿಗೆಯ ಎರಡು ಸೀಳುಗಳನ್ನು ಉಗುರಿನಿಂದ ಅಗಲಿಸಿ ತೋರಿಸಿದಳು. ಒಳಗೆ ಬಿದಿರು ಕಪ್ಪಗಿತ್ತು.

"ಇದನ್ನ ಗಳ ಇದ್ದಾಗ್ಲೇ ಕೆರೆ ಕೆಸರಲ್ಲಿ ಹೂತಿದ್ರು. ಒಂದು ತಿಂಗ್ಳು ನೆನೆಸಿದ್ರೆ ಹುಳ ಹತ್ತಿರ ಬರಲ್ಲ. ಪಾಸ್ ಕೊಟ್ಟವರು ಬಿದಿರು ಕೆಡ್ಸಿದ್ರು, ನಮ್ಮತ್ತೆಯಂಥೋರು ಅದನ್ನ ಸರಿಮಾಡಿದ್ರು."

"ಸರಿಮಾಡಿದ ಮೇಲೆ ಬಲಕ್ಕೇ ಸುತ್ತಬಹುದಿತ್ತಲ್ಲ? ಮಾರೋಕೆ ಸುಲಭ ಆಗ್ತಿತ್ತು."

"ಕಡಿದಿದ್ದು ಬೆಳಕಿನ ದಿನ ತಾನೆ ಸ್ವಾಮಿ? ನಡೆದಿದ್ದನ್ನ ಮುಚ್ಚೋಕಾಗುತ್ತಾ?"

ಮೇಷ್ಟರು ಆ ಮೊರವನ್ನು ಎರಡೂ ಕೈಯಿಂದ ಎತ್ತಿ ಬೀರುವಿನಲ್ಲಿಟ್ಟರು. ಅಧ್ಯಾಯ ಇರಲಿ ಅಂದರು. ಅಷ್ಟಕ್ಕೆ ಮುಗಿಯಿತು ಎಂದು ನಾನು ಹಿಗ್ಗಿದೆ.

ಮುಗಿಯಲಿಲ್ಲ. ಪೂರ್ತಿ ಪ್ರಬಂಧ ಓದಿ ಎರಡು ಕಡೆ ಕೆಂಪು ಗೆರೆ ಎಳೆದು ಕಳಿಸಿದರು. ಆಕರಗಳ ಪಟ್ಟಿಯಲ್ಲಿ ಪುಸ್ತಕ, ಕಡತಗಳ ಸಾಲಿನಲ್ಲೇ ನಾನು ಆ ಐದು ಮೊರಗಳನ್ನೂ ಅಮ್ಮನ ಹೆಸರನ್ನೂ ಸೇರಿಸಿದ್ದೆ. ಅದನ್ನು ತೆಗೆದು ಕೊನೆಯ ಪುಟದಲ್ಲಿ "ಮಾಹಿತಿ ನೀಡಿದವರು: ಒಬ್ಬ ಮೇದಾರ ಮಹಿಳೆ" ಎಂದು ಹಾಕಬೇಕಂತೆ. ಮುನ್ನುಡಿಯಲ್ಲಿ ನನ್ನ ಚೀಟಿಯ ಕಥೆ ಬರೆದಿದ್ದೆ. ಅದು ಬೇಡವೇ ಬೇಡವಂತೆ.

"ಪರೀಕ್ಷಕರ ಕೈಗೆ ನಾವೇ ಕೋಲು ಕೊಟ್ಟ ಹಾಗಾಗುತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಸರ್, ಬಂದುಹೋದ ಸಾಹೇಬರ ಹೆಸರೆಲ್ಲ ಆಕರದಲ್ಲಿರುತ್ತೆ. ಮೊರ ಓದೋಕೆ ಬರೋವಳ ಹೆಸರು ಯಾಕಿರಬಾರದು?"

"ರೂಢಿ ಇಲ್ಲಮ್ಮಾ."

"ರೂಢಿ ಮಾಡೋಣ ಸರ್. ನಮ್ಮ ಕೇರಿಯವರು ಮಾಡಿದ್ರು."

ಸಹಿ ಹಾಕುವುದಿಲ್ಲ ಅಂದರು. ಹಾಕಬೇಡಿ ಅಂದೆ. ಪ್ರಬಂಧ ಎತ್ತಿಕೊಂಡು ಹೊರಗೆ ಬಂದೆ. ವಾಪಸ್ ಹೋಗಿ ಕ್ಷಮೆ ಕೇಳುವ ಯೋಚನೆ ಒಂದು ಕ್ಷಣವೂ ಬರಲಿಲ್ಲ. ಆ ವರ್ಷ ಹಾಗೇ ಹೋಯಿತು. ಜೊತೆಗೆ ಸೇರಿದವರೆಲ್ಲ ಡಾಕ್ಟರೇಟು ಮುಗಿಸಿ ಕೆಲಸಕ್ಕೆ ಸೇರಿದರು. ನಾನು ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾ, ತಿಂಗಳಿಗೊಮ್ಮೆ ಅದೇ ಪ್ರಬಂಧ ಹಿಡಿದು ಹೋಗುವುದು, ಒಂದಕ್ಷರ ಬದಲಿಸದೆ ಅವರ ಮೇಜಿನ ಮೇಲಿಡುವುದು, ವಾಪಸ್ ತರುವುದು. ಬೇರೆ ಮಾರ್ಗದರ್ಶಕರನ್ನು ಕೇಳು ಎಂದು ಕೆಲವರು ಹೇಳಿದರು. ಮೊರ ಕೈಯಲ್ಲಿ ಹಿಡಿದು ನೋಡಿದವರು ಇವರೇ, ಸಹಿಯನ್ನೂ ಇವರೇ ಹಾಕಲಿ ಎಂಬ ಹಟ ನನ್ನದು.

ಆ ನಡುವೆ ಒಂದು ದಿನ ಅಮ್ಮನ ಜೊತೆ ಕೋಣೆಗೆ ಹೋಗಿ ಆ ಮೂರು ಚೀಟಿ ಕೀಳಲು ಕೈಹಾಕಿದೆ. ಅಮ್ಮ ಕೈ ಹಿಡಿದಳು. "ಕೀಳ್ಬೇಡ. ಅದರ ಕೆಳಗೆ ಇನ್ನೊಂದು ಬರಿ." ಬರೆದೆ. ಇದು ಪಾಸಿನ ಬಿದಿರು, ಸುತ್ತಿದವರಿಗೆ ತಿಳಿದೇ ಎಡಕ್ಕೆ ಸುತ್ತಿದ್ದಾರೆ. ಮೇಲಿನ ಚೀಟಿ ತಿಳಿಯದವಳು ಬರೆದದ್ದು. ಕೆಳಗೆ ನನ್ನ ಸಹಿ ಹಾಕಿದೆ. ಹೊರಗಿನವರ ಬರಹ ತಿದ್ದುತ್ತೇನೆ ಎಂದು ಹೊರಟವಳು ಮೊದಲು ತಿದ್ದಿದ್ದು ನನ್ನದನ್ನೇ.

ಆ ಎರಡನೆಯ ಚೀಟಿಯನ್ನು ಮೇಷ್ಟರು ಯಾವಾಗ ನೋಡಿದರೋ ನನಗೆ ತಿಳಿಯದು. ಮುಂದಿನ ತಿಂಗಳು ಪ್ರಬಂಧ ಮೇಜಿನ ಮೇಲಿಟ್ಟಾಗ ಮುನ್ನುಡಿಯ ಪುಟ ತೆರೆದು ಓದಿದರು, ಆಕರಗಳ ಪಟ್ಟಿ ತೆರೆದು ಅಮ್ಮನ ಹೆಸರಿನ ಮೇಲೆ ಬೆರಳಿಟ್ಟರು. ಆಮೇಲೆ ಪೆನ್ನು ತೆಗೆದರು. "ಮೌಖಿಕ ಪರೀಕ್ಷೇಲಿ ಕೋಲು ಬಿದ್ರೆ ಇಬ್ಬರಿಗೂ ಬೀಳುತ್ತೆ" ಅಂದು ಸಹಿ ಹಾಕಿದರು. ಬೀಳಲಿ ಸರ್ ಅಂದೆ.

ಅಮ್ಮನ ಹೆಸರನ್ನು ಇಲ್ಲಿ ಬರೆದಿಲ್ಲ. ಅಲ್ಲಿ ಬರೆದಿದ್ದೇನೆ, ಬೇಕಾದವರು ಹೋಗಿ ನೋಡಲಿ.

ಪ್ರಬಂಧ ಒಪ್ಪಿಸಿದ ದಿನ ಸಂಜೆ ಬಸ್ಸಿಗೆ ಭದ್ರಾವತಿಗೆ ಹೋಗಿ ದಪ್ಪ ಪ್ರತಿಯನ್ನು ಅಮ್ಮನ ಕೈಗಿಟ್ಟೆ. ಅವಳು ತೂಕ ನೋಡಿದಳು, ಓದಲು ಬಾರದ ಪುಟಗಳನ್ನು ತಿರುವಿದಳು, ರಟ್ಟಿನ ಅಂಚನ್ನು ಬೆರಳಿನಿಂದ ಸವರಿದಳು.

"ನಿನ್ನ ತಪ್ಪನ್ನೂ ಇದರಲ್ಲಿ ಹಾಕಿದ್ಯಾ?"

"ಮೊದಲನೇ ಪುಟದಲ್ಲೇ ಹಾಕಿದೀನಿ."

"ಹಂಗಾದ್ರೆ ನಮ್ಮ ಮನೆ ಕೆಲ್ಸನೇ ಇದು" ಅಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಜೀವಮಾನದಲ್ಲಿ ಮೊದಲ ಸಲ ಕತ್ತಿಯನ್ನು ನನ್ನ ಕೈಗೆ ಕೊಟ್ಟಳು.