ಉಜ್ಜಿನಿಯ ಗುಡ್ಡದಿಂದ ಹರಪನಹಳ್ಳಿಯ ಮಾಳಿಗೆಗೆ

ಸುಯ್ ಎನ್ನುವ ಖಾಲಿ ರೇಡಿಯೊದ ಸದ್ದು, ಅದರೊಳಗಿಂದ ಎದ್ದ ಒಂದು ಸಣ್ಣ ಸಿಳ್ಳೆ. ಕಳೆದ ಚಳಿಗಾಲದ ಆ ಪ್ರಯಾಣ ನೆನಪಾದಾಗಲೆಲ್ಲ ಮೊದಲು ಕಿವಿಗೆ ಬರುವುದು ಅದೇ.

ಹಗರಿಬೊಮ್ಮನಹಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತಿದೆ. ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ಟು. ಕೊಟ್ಟೂರಿನಲ್ಲಿ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ನಮ್ಮ ಹ್ಯಾಮ್ ಕ್ಲಬ್ಬಿನ ವೀರೇಶ ಜೀಪಿನೊಡನೆ ಕಾದಿದ್ದ. ಅವನದು ಅಲ್ಲೇ ಪೈಪಿನ ಅಂಗಡಿ. ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದು ಉಜ್ಜಿನಿಯ ಆಚೆಯ ಗುಡ್ಡ ಏರಿದೆವು. ಕೊರೆಯುವ ಗಾಳಿ, ಆದರೆ ಆಕಾಶ ಕ್ರಿಸ್ಟಲ್ ಕ್ಲಿಯರ್.

ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಹರಪನಹಳ್ಳಿಯಲ್ಲಿ, ತಮ್ಮ ಮಾಳಿಗೆಯ ಮೇಲೆ ಕುಳಿತಿದ್ದ ಖಾಜಾ ಸಾಹೇಬರೊಡನೆ ಮೈಕ್ರೋವೇವ್ ಎಂಬ ರೇಡಿಯೊ ಅಲೆಯಲ್ಲಿ ಮಾತಾಡಬೇಕಿತ್ತು. ಈ ಅಲೆ ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತದೆ. ಎರಡೂ ಕಡೆಯ ಡಿಶ್‌ಗಳು ಮುಖಾಮುಖಿ ನಿಲ್ಲಬೇಕು. ರೇಡಿಯೊ ರಿಪೇರಿಯಲ್ಲೇ ತಲೆ ನರೆತ ಸಾಹೇಬರು ಹಳೆಯ ಟಿವಿ ಡಿಶ್‌ಗಳನ್ನಿಟ್ಟು ಎರಡೂ ಸೆಟ್ಟುಗಳನ್ನು ಕೈಯಾರೆ ಕಟ್ಟಿದ್ದರು. ಬ್ಯೂಟಿಫುಲ್ ಕೆಲಸ! ಆದರೆ ಒಮ್ಮೆಯೂ ಕಾಂಟ್ಯಾಕ್ಟ್ ಆಗಿರಲಿಲ್ಲ. ಮರುದಿನ ಅವರು ಹುಬ್ಬಳ್ಳಿಗೆ, ಮಗಳ ಫ್ಲ್ಯಾಟಿಗೆ ಹೊರಟಿದ್ದರು. ಅಲ್ಲಿ ಆಂಟೆನಾ ಕಟ್ಟಲು ಬಿಡುವುದಿಲ್ಲವಂತೆ. ಇದೇ ಲಾಸ್ಟ್ ಚಾನ್ಸ್.

ಡಿಶ್ ಹೊಂದಿಸಲು ವಾಕಿಟಾಕಿಯಲ್ಲಿ ಮಾತು ನಡೆದಿತ್ತು.

"ಏನೂ ಇಲ್ರಿ ಅಕ್ಕಾರ, ಬರೇ ಗಾಳಿ," ಎಂದರು ಸಾಹೇಬರು.

ವೀರೇಶ ಡಿಶ್ಶಿನ ಸುತ್ತ ಬಂದು ಹಣೆ ಬಡಿದುಕೊಂಡ. ಜೀಪಿನಲ್ಲಿ ಮಗ್ಗುಲಾಗಿ ಮಲಗಿಸಿ ತಂದದ್ದನ್ನು ಹಾಗೇ ಸ್ಟ್ಯಾಂಡಿಗೆ ಕಟ್ಟಿದ್ದೆವು. ಅವರ ಅಲೆ ನೆಟ್ಟಗೆ, ನಮ್ಮದು ಅಡ್ಡ. ಹಾಗಾದರೆ ಒಂದಕ್ಕೊಂದು ಕೇಳುವುದಿಲ್ಲ.

"ಕೂಸಿನ್ಹಂಗ ಮಲಗಿಸ್ಕೊಂಡ್ ಹೋಗಿ, ಎಬ್ಬಿಸೋದು ಮರ್ತ್ಯೇನಲೇ ವೀರೇಶ?" ವಾಕಿಟಾಕಿಯಲ್ಲಿ ವಿಷಯ ತಿಳಿಸಿದಾಗ ಸಾಹೇಬರು ನಕ್ಕರು.

ಡಿಶ್ ತಿರುಗಿಸಿದ್ದೇ ತಡ, ಆ ಸಿಳ್ಳೆ ಎದ್ದಿತು. ಹಿಂದೆಯೇ ಸಾಹೇಬರ ದನಿ! ಅದು ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂಬ ಅಂಕಿಯನ್ನು ನಾನು ಡಿಶ್ ಮೂಲಕವೇ ಅವರಿಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಕಾಂಟ್ಯಾಕ್ಟ್ ಆದಂತಲ್ಲ. ಮೂರು ಸಲ ಕೂಗಿದೆ. ಅವರ ಮಂದಗಿವಿಗೆ ನನ್ನ ದನಿ ಆ ಸುಯ್ಯೆನ್ನುವ ಸದ್ದಿನಲ್ಲೇ ಮುಳುಗಿತು.

"ವಾಕಿಟಾಕಿನ್ಯಾಗ ಹೇಳಿಬಿಡ್ರಿ ಅಕ್ಕಾರ, ಯಾರ್ ನೋಡ್ತಾರ?" ಎಂದ ವೀರೇಶ.

ವಾಕಿಟಾಕಿಯ ಗುಂಡಿ ಒತ್ತಿಕೊಂಡೇ ಇತ್ತು, ಸಾಹೇಬರಿಗೆ ಕೇಳಿಸಿತು. "ಲೇ, ಈ ವಯಸ್ಸಿನ್ಯಾಗ ಕಾಪಿ ಹೊಡ್ದು ಪಾಸಾಗ್ಲೇನು?"

ಮೈಕ್ ಬಿಟ್ಟು, ಮಾತು ಮುಳುಗುವಲ್ಲೂ ಕೇಳುವ ಚುಕ್ಕೆ-ಗೆರೆ ಸಂಕೇತದ ಮೋರ್ಸ್ ಕೀ ಹಿಡಿದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಪಿಯಾನೊ ಪಕ್ಕ ನಿಂತು ರೂಲರ್‌ನಿಂದ ತಾಳ ಹಾಕುತ್ತಿದ್ದರಲ್ಲ, ಅದೇ ನಿಧಾನ ಲಯದಲ್ಲಿ ಸ್ಪಷ್ಟತೆಗೆ ನಾಲ್ಕು, ಬಲಕ್ಕೆ ಮೂರು ಎಂದು ಬಾರಿಸಿದೆ. ಮತ್ತೆ ಬಾರಿಸಿದೆ.

"ಫೋರ್... ತ್ರೀ! ಬರೋಬರ್ ಐತೇನ್ರಿ ಅಕ್ಕಾರ?" ಸಾಹೇಬರ ದನಿ ಡಿಶ್ಶಿನಿಂದಲೇ ಬಂತು. ವೀರೇಶ ಟವೆಲ್ ಬೀಸಿ ಕುಣಿದ.

ಸಂಜೆ ಹರಪನಹಳ್ಳಿಗೆ ಹೋದೆವು. ಸಾಹೇಬರ ಮನೆಯ ಸಾಮಾನೆಲ್ಲ ಮೂಟೆಯಾಗಿತ್ತು. ಡಿಶ್ ಮಾತ್ರ ಮಾಳಿಗೆ ಮೇಲೆ ಹಾಗೇ ಇತ್ತು.

"ಬಿಚ್ಚಲಿಲ್ಲೇನ್ರಿ?" ಎಂದೆ.

"ಮುಂಜಾನಿ ಬಿಚ್ತೀನಿ. ಇವತ್ತೊಂದಿನ ಗುಡ್ಡದ ಕಡೀಗೆ ಮುಖ ಮಾಡಿ ಇರ್ಲಿ."

ಬಸ್‌ಸ್ಟ್ಯಾಂಡಿನವರೆಗೆ ಬಂದರು. ನಾನು ಕಿಟಕಿ ಪಕ್ಕ ಕುಳಿತೆ. ಅವರು ಬಸ್ಸಿನ ತಗಡಿನ ಮೇಲೆ ಬೆರಳಿನಿಂದ ಎಪ್ಪತ್ತಮೂರು ಎಂದು ಬಾರಿಸಿದರು. ಹ್ಯಾಮ್‌ಗಳು ಬೀಳ್ಕೊಡುವುದು ಹಾಗೆ. ನಾನೂ ಅದನ್ನೇ ತಿರುಗಿ ಬಾರಿಸಿದೆ. ಗದ್ದಲದಲ್ಲಿ ಕಿವಿಗೆ ಕೇಳದೇನೋ, ಅಂಗೈಯನ್ನು ತಗಡಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತರು. ಬಸ್ಸು ಅಲುಗಿದಾಗಲೇ ಕೈ ತೆಗೆದದ್ದು. ಅವರನ್ನು ನಾನು ಕಂಡದ್ದು ಅದೇ ಕೊನೆ.