ತೊಲೆಯಿಂದ ಉದುರಿದ ಭಂಡಾರ

ಕರ್... ಕರ್... ಕರ್...

ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ಮೈಲಮ್ಮನಿಗೆ ಆ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ಕೂತು ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡಿದ್ದಳು. ಯಾರೋ ಒಣ ರೊಟ್ಟಿಯನ್ನು ಅವಸರವಿಲ್ಲದೆ ಕಡಿಯುತ್ತಿರುವಂಥ ಸದ್ದು. ತಲೆಯೆತ್ತಿದಳು. ನಡುತೊಲೆಯಿಂದ ಹಳದಿ ಪುಡಿಯ ಸಣ್ಣ ಎಳೆಯೊಂದು ಬಿಸಿಲುಕೋಲಿನಲ್ಲಿ ಹೊಳೆಯುತ್ತ ಇಳಿದು ಮಜ್ಜಿಗೆಯಲ್ಲಿ ಬಿತ್ತು. ಅದರ ಹಿಂದೆಯೇ ಅನ್ನದ ಅಗುಳಿನಂಥ ಬಿಳಿ ಹುಳವೊಂದು ಬಿದ್ದು, ನಿಧಾನವಾಗಿ ಸುರುಳಿ ಬಿಚ್ಚಿತು.

ಮೈಲಮ್ಮ ತಟ್ಟೆ ತಳ್ಳಿ ಅಂಗಳಕ್ಕೆ ಓಡಿದಳು. ಬಾಯಲ್ಲಿದ್ದ ತುತ್ತನ್ನು ಉಗಿದಳು. ಬಾಯಿ ತೊಳೆದಳು, ಬೇವಿನೆಲೆ ಅಗಿದಳು, ಮತ್ತೆ ತೊಳೆದಳು. ಎಷ್ಟು ದಿನದಿಂದ ಅಗುಳು ಯಾವುದು ಹುಳ ಯಾವುದು ಎಂದು ನೋಡದೆ ಉಂಡಿದ್ದೇನೆ ಎಂಬ ಯೋಚನೆ ಬಂದಾಗ ಇನ್ನೊಂದು ಎಲೆ ಕಿತ್ತು ಅಗಿದಳು.

ಅವಳು ಒಳಗೆ ಬರುವಷ್ಟರಲ್ಲಿ ನೆಗೆಣ್ಣಿ ರೇಣುಕಾ ತೊಲೆಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೈಲಮ್ಮನ ಗಂಡನ ಅಣ್ಣ ಪಾಲಾಕ್ಷಪ್ಪನ ಹೆಂಡತಿ. ಒಂದೇ ಒಲೆ, ಒಂದೇ ಸೂರು. ರೇಣುಕಾ ನೆಲಕ್ಕೆ ಉದುರಿದ್ದ ಪುಡಿಯನ್ನು ಬೆರಳತುದಿಯಿಂದ ಒತ್ತಿ ತೆಗೆದು ಹಣೆಗೆ ಹಚ್ಚಿಕೊಂಡಳು. ಉಳಿದದ್ದನ್ನು ನಾಲಿಗೆಗೆ ಮುಟ್ಟಿಸಿದಳು.

"ತುಳೀಬ್ಯಾಡ ಮಾರಾಯ್ತಿ, ಭಂಡಾರ ಬಿದ್ದೈತಿ. ಇವತ್ತು ಚಲೋ ಕೊಟ್ಟಾನ ನೋಡು ಮೈಲಾರಲಿಂಗ."

"ಅಕ್ಕಾ, ಅದರಾಗ ಹುಳ ಐತಿ."

"ದೇವರ ತೊಲ್ಯಾಗ ಹುಳ ಅಂತಾಳ! ಹೋಗು, ಬಾಯಿ ತೊಳಕಾ."

"ತೊಳಕೊಂಡೇ ಬಂದೀನಿ."

ಈ ಮನೆಯ ಗಂಡಸರು ಪ್ರತಿವರ್ಷ ಮೈಲಾರಕ್ಕೆ ಹೋಗಿಬಂದ ದಿನ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ಎಣ್ಣೆಯಲ್ಲಿ ಕಲಸಿ ನಡುತೊಲೆಗೆ ಬಳಿಯುತ್ತಾರೆ. ಮಣ್ಣುಚಾವಣಿಯ ಮಾಳಿಗೆಯನ್ನಷ್ಟೇ ಅಲ್ಲ, ಕುರಿಯನ್ನೂ ಮಕ್ಕಳನ್ನೂ ಆ ತೊಲೆಯೇ ಹೊತ್ತಿದೆ ಎಂದು ಅವರ ನಂಬಿಕೆ. ಅಜ್ಜ ಬಳಿದದ್ದರ ಮೇಲೆ ಅಪ್ಪ ಬಳಿದದ್ದು, ಅದರ ಮೇಲೆ ಪಾಲಾಕ್ಷಪ್ಪ ಬಳಿದದ್ದು. ಮರದ ಬಣ್ಣ ಕಂಡವರು ಯಾರೂ ಈಗ ಬದುಕಿಲ್ಲ. ಹೋದ ಬೇಸಿಗೆಯಲ್ಲಿ ಪುಡಿ ತಾನಾಗಿ ಉದುರತೊಡಗಿದಾಗ ಪಾಲಾಕ್ಷಪ್ಪ ಅಂಗಳದಲ್ಲಿ ನಿಂತು 'ಏಳುಕೋಟಿ' ಎಂದು ಮೈಲಾರನ ಜಯಕಾರ ಕೂಗಿದ್ದ. ನಾವು ಕೊಟ್ಟದ್ದನ್ನು ದೇವರು ತಿರುಗಿ ಕೊಡುತ್ತಿದ್ದಾನೆ ಎಂದ. ತೊಲೆಯ ಕೆಳಗೆ ಹಿತ್ತಾಳೆಯ ತಟ್ಟೆ ಬಂತು. ಓಣಿಯವರು ಕಾಗದದ ಪೊಟ್ಟಣ ಕಟ್ಟಿಕೊಂಡು ಒಯ್ದರು. ಜ್ವರಕ್ಕೆ ಹಚ್ಚಿದರು, ದೃಷ್ಟಿಗೆ ನಿವಾಳಿಸಿದರು, ಹಾಲಿಗೆ ಹಾಕಿ ಕುಡಿದರು. ಮೈಲಮ್ಮನೂ ಹಚ್ಚಿಕೊಂಡವಳೇ. ಈಗ ನೆನೆದರೆ ಹಣೆ ಕಡಿಯುತ್ತದೆ.

ಅವಳು ಹಲವಾಗಲಿನವಳು. ತುಂಗಭದ್ರೆ ಮನೆಯೊಳಗೆ ಬಂದು ಹೋದ ವರ್ಷಗಳಲ್ಲಿ, ನೀರು ಇಳಿದ ದಿನವೇ ಗೋಡೆ ನೆಲ ಉಜ್ಜಿ ತೊಳೆಯುತ್ತಿದ್ದ ತಾಯಿಯ ಕೈಯಲ್ಲಿ ಬೆಳೆದವಳು. ಕೆಸರಿಗೆ ಅವಳು ಅಂಜುವುದಿಲ್ಲ, ಕೆಸರನ್ನು ಇಟ್ಟುಕೊಂಡು ಬದುಕುವವರನ್ನು ಕಂಡರೆ ಆಗದು. ಮದುವೆಯಾಗಿ ಬಂದದ್ದು ಅದೇ ಹರಪನಹಳ್ಳಿ ಸೀಮೆಯಲ್ಲಿ ಹೊಳೆಯಿಂದ ದೂರದ ಈ ಮಾಳಿಗೆಮನೆಗೆ. ಗಂಡ ಹೊನ್ನೂರಸ್ವಾಮಿ ವರ್ಷದ ಬಹುಪಾಲು ಕುರಿಯ ಹಿಂದೆ ಊರೂರು. ಇವಳು ಕುರಿಮರಿ ಸಾಕಿದಳು, ಕಂಬಳಿಯ ಅಂಚು ಹೊಲಿದಳು, ಒಬ್ಬಳೇ ಮಗಳು ಶೃತಿಯನ್ನು ಓದಿಸಿ ಹರಪನಹಳ್ಳಿಗೆ ಕೊಟ್ಟಳು. ಕಂಬಳಿ ಹೊಲಿಯುವ ದಬ್ಬಣ ಇಂದಿಗೂ ಅವಳ ತುರುಬಿನಲ್ಲಿರುತ್ತದೆ, ಹೂವಿದ್ದರೂ, ಇಲ್ಲದಿದ್ದರೂ.

ಮತ್ತು ಪ್ರತಿವರ್ಷ ಮುಂಗಾರಿಗೆ ಮುಂಚೆ ಮಾಳಿಗೆಗೆ ಮಣ್ಣು ಹೊತ್ತಳು. ನೀರು ಕೆಳಗೆ ಬಿಡದ ಕರಲು ಮಣ್ಣು. ಬುಟ್ಟಿ ಬುಟ್ಟಿ ಏಣಿ ಹತ್ತಿಸಿ, ಹರಡಿ, ತುಳಿದು, ಬಡಿದು. ಹಳೆಯ ಮಣ್ಣನ್ನು ಯಾರೂ ಕೆರೆದು ತೆಗೆಯಲಿಲ್ಲ. ಅದು ಹಿರಿಯರ ಬೆವರು, ಕೆಳಗೆ ಚೆಲ್ಲಬಾರದು ಎಂದು ಅತ್ತೆ ಹೇಳಿದ್ದಳು. ಮೇಲೆ ಹಾಕುವುದು ಮಾತ್ರ ಗೊತ್ತು.

ಆ ಮಧ್ಯಾಹ್ನ ಮೈಲಮ್ಮ ಏಣಿ ಹತ್ತಿದಳು. ಹೊಸ ಸೊಸೆಯಾಗಿದ್ದಾಗ ಇಲ್ಲಿ ಕುಂಬಿಗೆ, ಅಂಚಿನ ಗಿಡ್ಡ ಗೋಡೆಗೆ, ಬೆನ್ನು ಕೊಟ್ಟು ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಈಗ ಕುಂಬಿ ಎಲ್ಲಿದೆಯೆಂದು ಹುಡುಕಬೇಕು. ಮಣ್ಣು ಅದರ ತಲೆಯನ್ನು ಮುಟ್ಟಿತ್ತು. ನಡುವೆ ಮಾತ್ರ ಒರಳಿನಂತೆ ಕುಸಿದಿತ್ತು. ಹೋದ ವಾರದ ಅಡ್ಡಮಳೆಯ ನೀರು ಅಲ್ಲಿ ನಿಂತು ಹಸಿರುಗಟ್ಟಿ, ಸೊಳ್ಳೆಮರಿ ಮಿಜಿಮಿಜಿ ಎನ್ನುತ್ತಿದ್ದವು. ಒಂದು ಹೆಜ್ಜೆ ಮುಂದಿಟ್ಟಾಗ ಕಾಲಡಿ ಮಣ್ಣು ಹಳೆಯ ಹಾಸಿಗೆಯಂತೆ ಮೆಲ್ಲಗೆ ತಗ್ಗಿತು. ಹಿಂದೆ ಸರಿದಳು.

ಇಳಿದು ಬಂದು ದೇವರಕೋಣೆಯ ಬಾಗಿಲನ್ನು ತಳ್ಳಿ ನೋಡಿದಳು. ಕೆಲವು ವರ್ಷಗಳಿಂದ ಅದು ಹಾಕಲು ಬಾರದು. ಮಳೆಗೆ ಉಬ್ಬಿದೆ ಎಂದು ಪಾಲಾಕ್ಷಪ್ಪ ಮೇಲಂಚನ್ನು ಕೆತ್ತಿಸಿದ್ದ. ಬೇಸಿಗೆಯಲ್ಲೂ ಸಿಕ್ಕಿಕೊಂಡಾಗ ಮತ್ತೆ ಕೆತ್ತಿಸಿದ್ದ. ಬಾಗಿಲು ಉಬ್ಬಿರಲಿಲ್ಲ. ಮನೆಯೇ ಅದರ ಮೇಲೆ ಕೂರುತ್ತಿತ್ತು.

ನಾಳೆ ಶೃತಿ ಬರುವವಳಿದ್ದಳು. ಚೊಚ್ಚಲು, ದಿನ ತುಂಬಿವೆ. ಈ ಮನೆಯ ಬಾಣಂತಿಯರೆಲ್ಲ ನಡುತೊಲೆಯ ಕೆಳಗೇ ಮಲಗಿ ಎದ್ದವರು, ಅದು ಪದ್ಧತಿ. ನುಲಿಯ ಹೊರಸನ್ನು, ಹಗ್ಗ ಹೆಣೆದ ಮಂಚವನ್ನು, ಪಾಲಾಕ್ಷಪ್ಪ ಬೆಳಿಗ್ಗೆಯೇ ತಂದು ಹಾಕಿಸಿದ್ದ. ಅದರ ಮೇಲೆ ಮೈಲಮ್ಮ ಒಗೆದು ಹಾಸಿದ್ದ ಬಿಳಿ ಪಂಚೆಯ ನಡುವೆ ಆಗಲೇ ಹಳದಿ ಗೀಟೊಂದು ಎದ್ದಿತ್ತು. ಅವಳು ಅಲ್ಲಿ ಇನ್ನೂ ಹುಟ್ಟದ ಕೂಸನ್ನು ಕಂಡಳು. ಹಾಲು ಕುಡಿದು ಬಾಯಿ ತೆರೆದು ಮಲಗಿದ ಕೂಸು. ಬಾಯಿಗೆ ಸರಿಯಾಗಿ ಮೇಲೆ ಆ ಸದ್ದು.

ಗಂಡನಿಗೆ ಫೋನು ಮಾಡಿದಳು. ಅತ್ತಲಿಂದ ಕುರಿಗಳ ಬ್ಯಾ ಬ್ಯಾ.

"ಅಣ್ಣನ್ನ ಕೇಳು," ಎಂದ ಹೊನ್ನೂರಸ್ವಾಮಿ. "ನಾನು ಕುರಿ ಹಳ್ಳ ದಾಟಿಸಾಕತ್ತೀನಿ."

"ದಾಟಸ್ರಿ," ಎಂದು ಫೋನಿಟ್ಟಳು.

ಸಂಜೆ ಪಾಲಾಕ್ಷಪ್ಪ ಬಂದು ಪಡಸಾಲೆಯಲ್ಲಿ ಕೂತ. ಎದುರುಮನೆಯ ಗಾದೆಮ್ಮ, ಎಲೆಯಡಿಕೆಯ ಮುದುಕಿ, ಮೊಣಕಾಲು ನೋವಿಗೆ ಒಂದು ಚಿಟಿಕೆ ಭಂಡಾರ ಒಯ್ಯಲು ಬಂದಿದ್ದಳು. ಮೈಲಮ್ಮ ಕಂಬದ ಪಕ್ಕ ನಿಂತಳು.

"ಭಾವಾರ, ಶೃತಿನ ಈ ತೊಲಿ ಕೆಳಗ ಮಲಗಸಾಕ ಆಗಂಗಿಲ್ರಿ. ತೊಲಿ ಹೋಗೈತಿ. ಮಾಳಿಗಿ ಬಿಚ್ಚಿಸ್ಬೇಕು."

"ಎಲ್ಲಿಗೆ ಹೋಗೈತಿ?" ಪಾಲಾಕ್ಷಪ್ಪ ಮೇಲೆ ನೋಡಿ ನಕ್ಕ. "ಇಲ್ಲೇ ಐತಲ್ಲ."

"ಉದುರೋದು ಭಂಡಾರ ಅಲ್ರಿ. ಹುಳ ತಿಂದು ಬಿಟ್ಟಿದ್ದು."

ರೇಣುಕಾ ಕೆನ್ನೆ ಬಡಿದುಕೊಂಡಳು. ಗಾದೆಮ್ಮನ ಬಾಯಿ ಎಲೆ ಅಗಿಯುವುದನ್ನು ನಿಲ್ಲಿಸಿತು.

"ಗಾದಮ್ಮಜ್ಜಿ, ನಿನ್ನ ಸುಣ್ಣದ ಡಬ್ಬಿ ಕೊಡು." ಮೈಲಮ್ಮ ದೇವರಕೋಣೆಯ ಗೂಡಿನಲ್ಲಿದ್ದ ಭಂಡಾರದ ಚೀಲದಿಂದ ಒಂದು ಚಿಟಿಕೆ ತಂದು ಎಡಗೈಯಲ್ಲಿಟ್ಟು ಸುಣ್ಣ ತಿಕ್ಕಿದಳು. ಅಂಗೈ ಕುಂಕುಮದಂತೆ ಕೆಂಪಗಾಯಿತು. ಬಲಗೈಗೆ ತಟ್ಟೆಯ ಪುಡಿ ತೆಗೆದುಕೊಂಡು ಹಾಗೇ ತಿಕ್ಕಿದಳು. ಅಲ್ಲಲ್ಲಿ ಒಂದು ಕೆಂಪು ಚುಕ್ಕೆ. ಉಳಿದದ್ದು ಬೂದುಬಣ್ಣದ ಲೊಳೆ. "ಮೂಸಿ ನೋಡ್ರಿ. ಅರಿಷಿಣ ಹಿಂಗ ನಾರತೈತೇನು?"

ಗಾದೆಮ್ಮ ಮೂಸಿ ಮುಖ ಕಿವುಚಿದಳು. "ಇಲಿ ಬಿಲದ ವಾಸ್ನಿ ಐತಲ್ಲೇ."

"ದೇವರು ಕೊಟ್ಟಿದ್ದು ಸುಣ್ಣಕ್ಕ ಸಿಗತೈತೇನು?" ಪಾಲಾಕ್ಷಪ್ಪನ ನಗು ಸಣ್ಣದಾಯಿತು. "ಹೊಳಿದಂಡಿ ಮಂದಿ ನೀವು. ಭಕ್ತಿ ಕಮ್ಮಿ. ತೊಳೆಯೋದೊಂದೇ ಗೊತ್ತು."

ಮೈಲಮ್ಮ ಹೊರಸನ್ನು ಪಕ್ಕಕ್ಕೆ ಎಳೆದು, ಕಾಳಿನ ಡಬ್ಬಿಯ ಮೇಲೆ ಹತ್ತಿ ನಿಂತಳು. ತುರುಬಿನಿಂದ ದಬ್ಬಣ ತೆಗೆದಳು.

"ಕಬ್ಬಿಣ ಮುಟ್ಟಿಸಬ್ಯಾಡ! ದೇವರ ತೊಲಿ ಅದು!" ಪಾಲಾಕ್ಷಪ್ಪ ಕೂಗಿದ.

ದಬ್ಬಣ ದಾರದ ಕಣ್ಣಿನವರೆಗೂ ಒಳಗೆ ಹೋಯಿತು, ಬೆಣ್ಣೆಗೆ ಹೋದ ಹಾಗೆ. ಅವಳು ತಿರುವಿದಳು. ಹಳದಿ ಹಕ್ಕಳೆ ಒಡೆದು ಒಂದು ಬೊಗಸೆ ಹೊಟ್ಟು ತಟ್ಟೆಗೆ ಸುರಿಯಿತು. ಹೊಟ್ಟಿನಲ್ಲಿ ಬಿಳಿ ಹುಳಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಹಿತ್ತಾಳೆಯ ಮೇಲೆ ಅವುಗಳ ಮೈ ಉಜ್ಜುವ ಸದ್ದು ಕೂಡ ಕೇಳಿಸುವಂತಿತ್ತು.

"ಥೂ! ಥೂ! ಥೂ!" ಗಾದೆಮ್ಮ ಎಲೆಯಡಿಕೆಯನ್ನೆಲ್ಲ ಉಗಿದಳು. "ಇದನ್ನ ಹಾಲಾಗ ಹಾಕ್ಕೊಂಡು ಕುಡದೀನಲ್ಲೋ ಪಾಲಾಕ್ಷಿ! ನಿನ್ನ ಮಾತು ಕೇಳಿ ಹುಳದ ಹೇಲು ತಿಂದ್ನಲ್ಲೋ!"

ರೇಣುಕಾ ಸೆರಗಿನಿಂದ ಹಣೆ ತಿಕ್ಕುತ್ತಲೇ ಇದ್ದಳು, ಚರ್ಮ ಕೆಂಪಾಗುವವರೆಗೆ.

ಮೈಲಮ್ಮ ಇಳಿದು, ಡಬ್ಬಿಯನ್ನು ಗೋಡೆಯ ಕಡೆ ಸರಿಸಿ, ಮತ್ತೆ ಹತ್ತಿದಳು. ತೊಲೆ ಗೋಡೆಗೆ ಸೇರುವ ಕಡೆ ಬಳಿದ ಭಂಡಾರ ಹೊಸದಾಗಿ ಹೊಳೆಯುತ್ತಿತ್ತು, ಈ ವರ್ಷದ್ದು. ಅಲ್ಲಿ ದಬ್ಬಣ ಏನಕ್ಕೋ ಸಿಕ್ಕಿಕೊಂಡಿತು. ಎಳೆದಳು. ಬಟ್ಟೆಯ ತುದಿ ಬಂತು. ಇನ್ನೂ ಎಳೆದಳು. ಕೈ ಹೋಗುವಷ್ಟು ಅಗಲದ ಬಿರುಕಿನಿಂದ, ಎಣ್ಣೆಯಲ್ಲಿ ನೆಂದು ಗಬ್ಬು ನಾರುವ ಪಂಚೆಯ ತುಂಡೊಂದು ಕರುಳಿನಂತೆ ಹೊರಬಂತು. ಹಸಿರು ಅಂಚು. ಪಾಲಾಕ್ಷಪ್ಪನ ಆ ಪಂಚೆಯನ್ನು ಅವಳೇ ಎಷ್ಟು ಸಲ ಒಗೆದು ಒಣಗಹಾಕಿದ್ದಳು.

"ನಿಮಗ ಗೊತ್ತಿತ್ತು," ಎಂದಳು.

ಪಾಲಾಕ್ಷಪ್ಪ ಬಾಗಿಲ ಕಡೆ ನೋಡಿದ. ಓಣಿಯಲ್ಲಿ ಯಾರೂ ಇರಲಿಲ್ಲ.

"ಮೆಲ್ಲಕ ಮಾತಾಡು."

"ಬಿರುಕು ಬಿಟ್ಟಿದ್ದು ಗೊತ್ತಿತ್ತು. ಬಟ್ಟಿ ತುರುಕಿ ಮ್ಯಾಲೆ ಭಂಡಾರ ಬಳದ್ರಿ. ಅದರ ಕೆಳಗ ಇವತ್ತು ನನ್ನ ಮಗಳ ಹೊರಸು ಹಾಕಿಸಿದ್ರಿ."

"ಏನು ಮಾಡಬೇಕಿತ್ತು? ಊರಿಗೆ ಊರೇ ಪೊಟ್ಟಣ ಕಟ್ಟಿಕೊಂಡು ಹೋಗೈತಿ. ತೊಲಿ ಕೊಳತೈತಿ ಅಂತ ಹೇಳಿದ್ರ ನನ್ನ ಮುಖ ಏನಾಗಬೇಕು? ಬಿದ್ದಿಲ್ಲಲ್ಲ ಇನ್ನೂ! ದೇವರು ಹಿಡದಾನ."

  ಹುಳ ತನ್ನ ಹಸಿವಿಗೆ ತಿಂದಿತ್ತು, ಅದನ್ನು ಅವಳು ಕ್ಷಮಿಸಬಲ್ಲಳು. ಅವಳು ಕೆಳಗಿಳಿದು ಪಂಚೆಯ ತುಂಡನ್ನು ದಬ್ಬಣದ ತುದಿಯಿಂದಲೇ ಎತ್ತಿ ಅವನ ಕಾಲ ಬಳಿ ಹಾಕಿ, ದಬ್ಬಣವನ್ನು ಬೂದಿಯಲ್ಲಿ ಉಜ್ಜಿ, ಕೈ ತೊಳೆದಳು. ದೇವರಕೋಣೆಗೆ ಹೋಗಿ ಗೂಡಿನಲ್ಲಿದ್ದ ಭಂಡಾರದ ಚೀಲವನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಸಿನ ಮೇಲಿನ ಪಂಚೆಯನ್ನು ತೆಗೆದು ಅಂಗಳದಲ್ಲಿ ಕೊಡವಿದಳು.

"ಅದೆಲ್ಲಿಗೆ?" ಎಂದ ಪಾಲಾಕ್ಷಪ್ಪ.

"ಕುರಿದೊಡ್ಡಿಗೆ. ಕುರಿ ಇಲ್ಲ ಈಗ. ಮ್ಯಾಲೆ ತಗಡು ಐತಿ, ನೆಲ ಸಾರಿಸ್ತೀನಿ."

"ಕುರಿ ಹಿಕ್ಕಿ ಹೊಲಸಿನಾಗ ಬಾಣಂತಿನ ಮಲಗಸ್ತೀಯಾ? ಮಂದಿ ಏನಂದಾರು? ಅಸಹ್ಯ ಅನ್ಸಂಗಿಲ್ಲೇನು ನಿನಗ?"

ಮೈಲಮ್ಮ ಹಿತ್ತಾಳೆಯ ತಟ್ಟೆಯ ಕಡೆ ಒಮ್ಮೆ ನೋಡಿದಳು. ಸೆರಗನ್ನು ಸಿಂಬಿ ಸುತ್ತಿ, ಹೊರಸನ್ನು ತಲೆಯ ಮೇಲೆ ಎತ್ತಿಕೊಂಡಳು. ದೂರದಲ್ಲಿ, ಹೊಳೆಯ ದಿಕ್ಕಿನಲ್ಲಿ, ಮುಗಿಲು ಸಣ್ಣಗೆ ಗುಡುಗಿತು.

"ಅಕ್ಕಾ, ಮಳಿ ಬರೋಂಗೈತಿ. ಮಣ್ಣು ನೆನದ್ರ ಇನ್ನೂ ಭಾರ. ನಿನ್ನ ಹಾಸಿಗೀನೂ ತಗಂಡು ಬಾ. ಭಾವಾರದ್ದೂ ತಾ."

ರೇಣುಕಾ ಗಂಡನ ಮುಖ ನೋಡಿದಳು, ತೊಲೆಯನ್ನು ನೋಡಿದಳು, ಹಾಸಿಗೆ ಸುತ್ತಲು ಬಗ್ಗಿದಳು.

"ಕುಂದ್ರು ಮೈಲಮ್ಮ, ಹೇಳೋದು ಪೂರ್ತಿ ಕೇಳು," ಪಾಲಾಕ್ಷಪ್ಪ ಹಿಂದೆ ಬಂದ. ದನಿಯಲ್ಲಿ ಈಗ ಬೆಲ್ಲವಿತ್ತು. "ತೊಲಿಗೆ ಆಸರಕ್ಕ ಒಂದು ಗೂಟ ಕೊಡೋಣ. ದಸರಾ ಕಳೀಲಿ. ಆಮ್ಯಾಲೆ ಮೈಲಾರದ ಗೊರವಪ್ಪನ್ನ ಕರಸಿ, ದೇವರನ್ನ ಕೇಳಿ, ತಮ್ಮ ಬಂದ ಮ್ಯಾಲೆ ನಾಲ್ಕು ಮಂದಿ ಕುಂತು..."

ಹೊರಸಿನ ನಾಲ್ಕು ಕಾಲು ಆಕಾಶಕ್ಕೆ ಎತ್ತಿಕೊಂಡು ಮೈಲಮ್ಮ ಆಗಲೇ ಓಣಿಗೆ ಇಳಿದಿದ್ದಳು.